ಮೊದಲು ಹತ್ತು ಮನೆಯ ಒಲೆ ನೋಡಿ: ಹಳ್ಳಿಯಲ್ಲಿ ಪೌಷ್ಟಿಕ ಆಹಾರದ ತರಗತಿ ನಡೆಸುವ ಬಗೆ

ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಮೊದಲ ಸಲ ಪೌಷ್ಟಿಕ ಆಹಾರದ ತರಗತಿ ನಡೆಸಿದಾಗ ಗೋಡೆಗೆ ದೊಡ್ಡ ಚಾರ್ಟ್ ತೂಗು ಹಾಕಿದ್ದೆ. ಸೇಬು, ದ್ರಾಕ್ಷಿ, ಪನೀರು, ಎಲ್ಲ ಬಣ್ಣ ಬಣ್ಣದ ಚಿತ್ರ. ಮೂವತ್ತು ಹೆಂಗಸರು ಕೂತು ಕೇಳಿದರು, ತಲೆಯಾಡಿಸಿದರು, ಎದ್ದು ಹೋದರು. ಆಮೇಲೆ ನೀರು ಕುಡಿಯೋಣ ಅಂತ ಒಬ್ಬರ ಮನೆಗೆ ಹೋದೆ. ಒಲೆ ಮೇಲೆ ಬಸ್ಸಾರಿಗೆ ಹುರುಳಿಕಾಳು, ಅಣ್ಣೆ ಸೊಪ್ಪು ಬೇಯುತ್ತಿತ್ತು. ಪಕ್ಕದಲ್ಲಿ ಮುದ್ದೆಗೆ ಎಸರು ಇಟ್ಟಿದ್ದರು. "ನಿಮ್ ಚಾರ್ಟಲ್ಲಿ ಇದೆಲ್ಲ ಇಲ್ಲ ಬಿಡಿ ಮೇಡಂ, ಇದು ಕೂಲಿಯವರ ಊಟ" ಅಂತ ಆಕೆ ಪಾತ್ರೆಗೆ ಮುಚ್ಚಳ ಹಾಕಿದರು. ಚಾರ್ಟಿನಲ್ಲಿದ್ದ ಸೇಬು, ದ್ರಾಕ್ಷಿಗಿಂತ ಆ ಪಾತ್ರೆಯಲ್ಲೇ ಕಬ್ಬಿಣದ ಅಂಶ ಜಾಸ್ತಿ ಇತ್ತು. ನನ್ನ ಒಂದು ಗಂಟೆಯ ಪಾಠದಿಂದ ಆಕೆಗೆ ತನ್ನ ಊಟದ ಬಗ್ಗೆ ನಾಚಿಕೆ ಆಗಿತ್ತು, ಅಷ್ಟೇ.

ಅವತ್ತಿನಿಂದ ಚಾರ್ಟ್ ಮಡಚಿಟ್ಟು ಬೇರೆ ದಾರಿ ಹಿಡಿದೆ. ಆ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಸ್ತ್ರೀಶಕ್ತಿ ಸಂಘದವರು, ನಿವೃತ್ತ ಟೀಚರುಗಳು, ಸಣ್ಣ ಸಂಸ್ಥೆಯವರು, ಊರಿಗೆ ಏನಾದರೂ ಮಾಡಬೇಕು ಅಂದುಕೊಂಡಿರುವ ಹುಡುಗ ಹುಡುಗಿಯರು, ಯಾರು ಬೇಕಾದರೂ ಮಾಡಬಹುದಾದ ಕೆಲಸ ಇದು. ಕೆಲಸವಂತೂ ಬೇಕಾದಷ್ಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ, ಅಂದರೆ ಶೇ. 47.8 ಮಂದಿಗೆ ರಕ್ತಹೀನತೆ ಇದೆ.

ಹಂತ 1: ಸಣ್ಣದಾಗಿ ಶುರು ಮಾಡಿ, ಕೇಳಿ ತಿಳಿಯಿರಿ

ಇಡೀ ಪಂಚಾಯಿತಿ ಹಿಡಿಯಬೇಡಿ. ಒಂದು ಅಂಗನವಾಡಿಗೆ ಸೇರಿದ 25–30 ಮನೆ ಸಾಕು. ಅದರಲ್ಲಿ ಹತ್ತು ಮನೆಗೆ ಹೋಗಿ ಕೂತು ಮಾತಾಡಿ. ಕೇಳಬೇಕಾದ್ದು ಒಂದೇ ಪ್ರಶ್ನೆ: ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಏನೇನು ತಿಂದಿರಿ, ಏನೇನು ಕುಡಿದಿರಿ? ಮನೆಯವರೆಲ್ಲ ತಿಂದದ್ದನ್ನು ಕೇಳಬೇಡಿ. ಆ ಹೆಂಗಸು ತಾನು ತಿಂದದ್ದನ್ನು ಮಾತ್ರ ಕೇಳಿ. ಮನೆಯಲ್ಲಿ ಮೊಟ್ಟೆ ಬೇಯಿಸಿರುತ್ತಾರೆ, ಅದು ಗಂಡನಿಗೂ ಮಗನಿಗೂ ಹೋಗಿರುತ್ತದೆ. ಸಾರಿನ ಕಾಳೆಲ್ಲ ಮುಗಿದ ಮೇಲೆ ತಳದ ತಿಳಿ ಆಕೆಯ ತಟ್ಟೆಗೆ ಬಂದಿರುತ್ತದೆ. "ಎಲ್ಲರದ್ದೂ ಆದ ಮೇಲೆ ನಂದು" ಅನ್ನುವ ಮಾತು ಎಷ್ಟು ಮನೆಯಲ್ಲಿ ಕೇಳಿತು ಅಂತ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಉತ್ತರ ಬರೆಯಲು ನೋಟ್‌ಬುಕ್ಕಿನಲ್ಲಿ ಹತ್ತು ಕಾಲಂ ಎಳೆಯಿರಿ. ಅಕ್ಕಿ, ರಾಗಿ, ಗೆಡ್ಡೆ ಒಂದು. ಬೇಳೆ ಕಾಳು ಒಂದು. ಕಡಲೆಬೀಜ, ಎಳ್ಳು, ಹುಚ್ಚೆಳ್ಳು ಒಂದು. ಹಾಲು, ಮೊಸರು ಒಂದು. ಮಾಂಸ, ಮೀನು ಒಂದು. ಮೊಟ್ಟೆಗೆ ಬೇರೆ. ಹಸಿರು ಸೊಪ್ಪಿಗೆ ಬೇರೆ. ಸಿಹಿಕುಂಬಳ, ಕ್ಯಾರೆಟ್, ಪರಂಗಿ, ಮಾವಿನಂಥ ಒಳಗೆ ಹಳದಿ ಇರುವ ತರಕಾರಿ, ಹಣ್ಣು ಒಂದು. ಉಳಿದ ತರಕಾರಿ ಒಂದು, ಉಳಿದ ಹಣ್ಣು ಒಂದು. ಇದು ಎಷ್ಟೋ ದೇಶಗಳಲ್ಲಿ ಬಳಸುವ ಅಳತೆ. ಹತ್ತರಲ್ಲಿ ಐದು ಗುಂಪಾದರೂ ಒಂದು ದಿನದಲ್ಲಿ ಹೊಟ್ಟೆಗೆ ಹೋಗಿದ್ದರೆ ಪರವಾಗಿಲ್ಲ ಅಂತ ಲೆಕ್ಕ. ಒಂದು ಎಚ್ಚರ: ಒಂದು ದೊಡ್ಡ ಚಮಚದಷ್ಟು, ಅಂದರೆ ಸುಮಾರು 15 ಗ್ರಾಂ ಆದರೂ ತಿಂದಿದ್ದರೆ ಮಾತ್ರ ಗುರುತು ಹಾಕಿ. ಒಗ್ಗರಣೆಗೆ ಹಾಕಿದ ನಾಲ್ಕು ಎಸಳು ಕರಿಬೇವು ಸೊಪ್ಪಿನ ಕಾಲಂಗೆ ಬರುವುದಿಲ್ಲ. ಟೀಗೆ ಬಿಟ್ಟ ಎರಡು ಚಮಚ ಹಾಲನ್ನೂ ಬಿಟ್ಟುಬಿಡಿ. ಹಬ್ಬದ ಮಾರನೇ ದಿನ, ಊರಲ್ಲಿ ಬಾಡೂಟ ಆದ ಮಾರನೇ ದಿನ ಈ ಕೆಲಸಕ್ಕೆ ಹೋಗಬೇಡಿ.

ಹಾಗೇ ಮಾತಿನ ಮಧ್ಯೆ ಇನ್ನೂ ನಾಲ್ಕು ವಿಷಯ ತಿಳಿಯಿರಿ. ಸಂತೆ ಯಾವ ವಾರ? ಕೂಲಿ ದುಡ್ಡು ಕೈಗೆ ಬರುವುದು ಯಾವತ್ತು? ರೇಷನ್ ಯಾವಾಗ ಕೊಡುತ್ತಾರೆ? ಅಡುಗೆ ಸೌದೆಯಲ್ಲೋ, ಗ್ಯಾಸಿನಲ್ಲೋ? ಒಂದು ಗಂಟೆ ಬೇಯಿಸಬೇಕಾದ ಕಾಳಿನ ಅಡುಗೆಯನ್ನು ಸಿಲಿಂಡರ್ ಮುಗಿದಿರುವ ಮನೆಗೆ ಕಲಿಸಿ ಪ್ರಯೋಜನ ಇಲ್ಲ, ಅಲ್ವಾ? ಆ ಮನೆಗೆ ರಾತ್ರಿ ಕಾಳು ನೆನೆಹಾಕುವುದನ್ನು, ಮೊಳಕೆ ಕಟ್ಟುವುದನ್ನು ಮೊದಲು ಹೇಳಬೇಕು. ನೆನೆದ ಕಾಳು ಬೇಗ ಬೇಯುತ್ತದೆ.

ಹಂತ 2: ಊರಿನವರನ್ನೇ ಟೀಚರ್ ಮಾಡಿ

ಅಮೆರಿಕದಲ್ಲಿ ಕಡಿಮೆ ಆದಾಯದ ಮನೆಗಳಿಗಾಗಿ 1969ರಲ್ಲಿ ಸರ್ಕಾರ ಒಂದು ಪೌಷ್ಟಿಕ ಶಿಕ್ಷಣ ಕಾರ್ಯಕ್ರಮ ಶುರು ಮಾಡಿತು. ಅಲ್ಲಿ ಪಾಠ ಹೇಳುವವರನ್ನು ಅದೇ ಕೇರಿ, ಅದೇ ಬಡಾವಣೆಯಿಂದ ಆರಿಸಿ ತರಬೇತಿ ಕೊಟ್ಟರು. ನಮ್ಮಲ್ಲಿ ಅಂಗನವಾಡಿ ಟೀಚರೂ ಆಶಾ ಕಾರ್ಯಕರ್ತೆಯೂ ಊರಿನವರೇ. ಕರ್ನಾಟಕದಲ್ಲಿ ಅಂಗನವಾಡಿಯ ಯೋಜನೆ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಶುರುವಾಯಿತು. ಐವತ್ತು ವರ್ಷದಿಂದ ನಿಂತಿರುವ ವ್ಯವಸ್ಥೆ ಅದು. ಅದರ ಪಕ್ಕದಲ್ಲಿ ನೀವು ಹೊಸ ಅಂಗಡಿ ತೆರೆಯಬೇಡಿ. ಮೊದಲ ದಿನವೇ ಅಂಗನವಾಡಿ ಟೀಚರನ್ನು ಕಂಡು, "ನಿಮ್ಮ ತಾಯಂದಿರ ಸಭೆ ಯಾವತ್ತು? ಅವತ್ತೇ ನಾವೂ ಬರ್ತೀವಿ, ನಿಮ್ಮ ಕೆಲಸಕ್ಕೆ ಕೈ ಜೋಡಿಸ್ತೀವಿ" ಅನ್ನಿ. ಮೇಲ್ವಿಚಾರಕಿಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ಒಂದು ಪತ್ರ ಕೊಟ್ಟಿರಿ. ಟೀಚರ ಮೇಲೆ ರಿಜಿಸ್ಟರು, ಮೊಬೈಲ್ ಎಂಟ್ರಿ, ಚುನಾವಣೆ ಕೆಲಸ ಎಲ್ಲ ಇರುತ್ತದೆ. ನಿಮ್ಮಿಂದ ಅವರಿಗೆ ಇನ್ನೊಂದು ಹೊರೆ ಆಗಬಾರದು.

ಪಾಠ ನಡೆಸಲು ಸಂಘದಿಂದ ಇಬ್ಬರನ್ನು ಆರಿಸಿ. ಓದಿದವರನ್ನೇ ಹುಡುಕಬೇಡಿ. ಯಾರ ಮನೆ ಅಡುಗೆಗೆ ಊರಲ್ಲಿ ಹೆಸರಿದೆಯೋ, ಯಾರು ಮಾತಿಗೆ ನಿಂತರೆ ನಾಲ್ಕು ಜನ ಸೇರುತ್ತಾರೋ ಅಂಥವರು ಬೇಕು. ಇಬ್ಬರೂ ಒಂದೇ ಕೇರಿಯವರಾದರೆ ಇನ್ನೊಂದು ಕೇರಿಯವರು ಬರುವುದಿಲ್ಲ. ತರಗತಿ ಎಲ್ಲಿ ನಡೆಸುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ದೇವಸ್ಥಾನದ ಜಗುಲಿ, ಯಾರದೋ ಮನೆ ಪಡಸಾಲೆ ಎಲ್ಲರಿಗೂ ಸಲ್ಲುವುದಿಲ್ಲ. ಅಂಗನವಾಡಿ, ಶಾಲೆಯ ಅಂಗಳ ಸಲ್ಲುತ್ತದೆ. ಇದನ್ನು ಬಾಯಿ ಬಿಟ್ಟು ಯಾರೂ ನಿಮಗೆ ಹೇಳುವುದಿಲ್ಲ. ನೀವೇ ಗಮನಿಸಬೇಕು.

ಇವರಿಬ್ಬರಿಗೆ ಗೌರವಧನ ಕೊಡಿ, ಕಡಿಮೆಯಾದರೂ ಸರಿ. ಒಂದು ಮಧ್ಯಾಹ್ನ ತರಗತಿಗೆ ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಸೇವೆ ಅಂತ ಪುಕ್ಕಟೆ ದುಡಿಸಿಕೊಳ್ಳುವುದು ಸರಿಯಲ್ಲ.

ಹಂತ 3: ಹುಣಸೆ ಬೀಜದ ಸಂತೆ

ಮೊದಲ ತರಗತಿಯಲ್ಲಿ ಪಾಠ ಬೇಡ. ಈ ಆಟ ಆಡಿಸಿ. ನನಗೆ ಈ ಕೆಲಸದಲ್ಲಿ ಬಹಳ ಇಷ್ಟವಾದ ಭಾಗ ಇದು.

ಪ್ರತಿಯೊಬ್ಬರ ಕೈಗೆ ಇಪ್ಪತ್ತು ಹುಣಸೆ ಬೀಜ ಕೊಡಿ. ಒಂದು ಬೀಜಕ್ಕೆ ಐದು ರೂಪಾಯಿ, ಒಟ್ಟು ನೂರು. ಚಾಪೆ ಮೇಲೆ ಅವರ ಸಂತೆಯದ್ದೇ ಸಾಮಾನು ಇಡಿ: ಸೊಪ್ಪಿನ ಕಟ್ಟು, ಮೊಟ್ಟೆ, ಕಾಲು ಕೆಜಿ ಕಡಲೆಬೀಜ, ಹುರುಳಿ, ಟೊಮೆಟೊ, ಬಾಳೆಹಣ್ಣು, ಬಿಸ್ಕತ್ತು, ಕುರುಕಲು ಪ್ಯಾಕೆಟ್ಟು, ಟೀ ಪುಡಿ, ಒಂದು ಡಬ್ಬಿ ಹೆಲ್ತ್ ಡ್ರಿಂಕ್ ಪುಡಿ. ಆ ವಾರದ ಬೆಲೆಯನ್ನೇ ಬರೆದಿಡಿ. ಮನೆಗೆ ವಾರದಲ್ಲಿ ದುಡ್ಡು ಕೊಟ್ಟು ತರುವುದನ್ನು ಆರಿಸಿ ಬೀಜ ಇಡಿ ಅನ್ನಿ. ಸುಮ್ನೆ ನೋಡುತ್ತಾ ಇರಿ, ಬಾಯಿ ಹಾಕಬೇಡಿ.

ಒಂದು ಸಲ ಒಬ್ಬ ತಾಯಿ ಬೀಜ ಹಿಡಿದ ಕೈಯನ್ನು ಡಬ್ಬಿಯ ಮೇಲೆ ತಂದು, ಹಿಂದಕ್ಕೆ ತೆಗೆದುಕೊಂಡು, ಮತ್ತೆ ತಂದರು. ಮಗು ತೂಕ ಕಡಿಮೆ ಇತ್ತು. ಡಬ್ಬಿ ಕೊಂಡರೆ ಬೀಜ ಎಲ್ಲ ಮುಗಿದು ಸಾಲ ಆಗುತ್ತದೆ. ಪಕ್ಕದಲ್ಲಿದ್ದವರು ತಮ್ಮ ಬೀಜ ಎಣಿಸಿ, "ಅಷ್ಟಕ್ಕೆ ನೋಡಮ್ಮ, ಇಷ್ಟು ಮೊಟ್ಟೆ, ಇಷ್ಟು ಕಡ್ಲೆಬೀಜ" ಅಂತ ಚಾಪೆ ಮೇಲೆ ಸಾಲಾಗಿ ಜೋಡಿಸಿ ತೋರಿಸಿದರು. ಮೊಟ್ಟೆಯ ಸಾಲು ಚಾಪೆಯ ಅಂಚು ಮುಟ್ಟಿತು. ಆ ತಾಯಿ ಬೀಜ ಅಲ್ಲಿಟ್ಟರು. ನಾನು ಒಂದು ಮಾತೂ ಆಡಿರಲಿಲ್ಲ.

ಅಂಗಡಿ ಪ್ಯಾಕೆಟ್ಟಿನ ಲೆಕ್ಕವನ್ನೂ ಅವರಿಂದಲೇ ಮಾಡಿಸಿ. ಮಗುವಿಗೆ ದಿನಕ್ಕೆ ಹತ್ತು ರೂಪಾಯಿಯ ಕುರುಕಲು ಅಂದರೆ ತಿಂಗಳಿಗೆ 300. ಮೊಟ್ಟೆಗೆ 7 ರೂಪಾಯಿ ಅಂತ ಇಟ್ಟುಕೊಂಡರೂ 42 ಮೊಟ್ಟೆ ಬರುತ್ತದೆ. ಆದರೆ ಪ್ಯಾಕೆಟ್ ಕೊಡಿಸಿದ ತಾಯಿಯನ್ನು ಬೈಯಬೇಡಿ. ಹೊಲದಿಂದ ಸುಸ್ತಾಗಿ ಬಂದವಳಿಗೆ ಅಳುವ ಮಗುವನ್ನು ಸಮಾಧಾನ ಮಾಡಲು ಸಿಗುವುದು ಅದೊಂದೇ. ಅದರ ಬದಲು ಡಬ್ಬಿಯಲ್ಲಿ ಹುರಿದು ಇಡಬಹುದಾದದ್ದು ಏನು ಅಂತ ಎಲ್ಲರನ್ನೂ ಕೇಳಿ. ಪುರಿ ಕಡಲೆ, ಎಳ್ಳಿನ ಚಿಗಳಿ, ಕಡಲೆಬೀಜದ ಉಂಡೆ, ಹೀಗೆ ಪಟ್ಟಿ ತಾನಾಗಿ ಬರುತ್ತದೆ. ಸಣ್ಣ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಲು ಹೇಳಿ.

ಹಂತ 4: ಒಂದು ತರಗತಿಗೆ ಒಂದೇ ವಿಷಯ

ಆರು ವಾರ, ಆರು ತರಗತಿ. ಒಂದೊಂದೂ 45 ನಿಮಿಷ. ಸಂತೆಯ ದಿನ ಬೇಡ. ನಾಟಿ, ಕಳೆ ಕೀಳುವ ಹೊತ್ತಲ್ಲಿ ಸಂಜೆ ಇಟ್ಟುಕೊಳ್ಳಿ. ಬೀಜದ ಸಂತೆ ಮೊದಲನೆಯದಾದರೆ ಉಳಿದದ್ದು ಐದು.

ರಕ್ತಹೀನತೆಯ ಪಾಠಕ್ಕೆ ಸೊಪ್ಪು ಮತ್ತು ನಿಂಬೆಹಣ್ಣು ಎರಡೇ ಸಾಕು. ಸೊಪ್ಪು, ಕಾಳಿನ ಕಬ್ಬಿಣ ಅಷ್ಟು ಸುಲಭಕ್ಕೆ ಮೈಗೆ ಹತ್ತುವುದಿಲ್ಲ. ಹುಳಿ ಹಣ್ಣಿನ ಸಿ ಜೀವಸತ್ವ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ಬೆಂದ ಸೊಪ್ಪಿನ ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಬೇಕು. ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ನಾಶವಾಗುತ್ತದೆ. ಸೀಬೆಹಣ್ಣು, ಬೆಟ್ಟದ ನೆಲ್ಲಿಕಾಯಿ ಸಿಗುವ ಕಾಲದಲ್ಲಿ ಅದೇ ಸಾಕು. ಊಟ ಆದ ತಕ್ಷಣ ಟೀ ಕುಡಿದರೆ ಕಬ್ಬಿಣ ಹತ್ತುವುದು ಕಡಿಮೆಯಾಗುತ್ತದೆ. ಟೀ ಬಿಡಿ ಅನ್ನಬೇಡಿ, ಯಾರೂ ಬಿಡುವುದಿಲ್ಲ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇರಲಿ ಅನ್ನಿ. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಾ ಒಂದರಂತೆ 180 ದಿನ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಹೆರಿಗೆ ಆದ ಮೇಲೂ 180 ದಿನ ತಗೊಳ್ಳಬೇಕು. ಮಲ ಕಪ್ಪಗಾಯಿತು, ಹೊಟ್ಟೆ ತೊಳಸಿತು ಅಂತ ಎಷ್ಟೋ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ. ಕಪ್ಪಗಾಗುವುದು ಸಹಜ, ಹೆದರಬೇಕಿಲ್ಲ. ರಾತ್ರಿ ಊಟದ ನಂತರ ತಗೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಹಾಲಿನ ಜೊತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ.

ಮಗುವಿನ ಊಟದ ತರಗತಿಗೆ ಅತ್ತೆಯರನ್ನು ಕಡ್ಡಾಯವಾಗಿ ಕರೆಯಿರಿ. ಮಗುವಿಗೆ ಸರಿ, ಅಂದರೆ ಹಿಟ್ಟಿನ ಗಂಜಿ, ಮಾಡುವುದು, ತಿನ್ನಿಸುವುದು ಎಷ್ಟೋ ಮನೆಯಲ್ಲಿ ಅವರೇ. ಆರು ತಿಂಗಳು ತುಂಬುವ ತನಕ ಎದೆಹಾಲು ಮಾತ್ರ. ತುಂಬಿದ ಮೇಲೆ ಎದೆಹಾಲಿನ ಜೊತೆಗೆ ದಿನಕ್ಕೆ ಎರಡು ಮೂರು ಸಲ ರಾಗಿ ಸರಿ, ಮೆತ್ತಗೆ ಕಿವುಚಿದ ಬೇಳೆ ಅನ್ನ. ಒಂಬತ್ತು ತಿಂಗಳಿಂದ ಮೂರು ನಾಲ್ಕು ಸಲ, ಮಧ್ಯೆ ಒಂದು ತಿಂಡಿ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಎರಡು ಬಟ್ಟಲು ಸರಿ ಅಲ್ಲೇ ಮಾಡಿ, ಒಂದು ನೀರಾಗಿ, ಒಂದು ಗಟ್ಟಿಯಾಗಿ. ಚಮಚದಲ್ಲಿ ತೆಗೆದು ಓರೆ ಮಾಡಿ ತೋರಿಸಿ. ನೀರಾದದ್ದು ಸುರಿದುಹೋಗುತ್ತದೆ. ಗಟ್ಟಿಯಾದದ್ದು ಚಮಚದಲ್ಲೇ ನಿಂತು, ನಿಧಾನಕ್ಕೆ ಜಾರುತ್ತದೆ. ಮಗುವಿನ ಹೊಟ್ಟೆ ಸಣ್ಣದು. ನೀರು ತುಂಬಿಸಿದರೆ ಊಟಕ್ಕೆ ಜಾಗ ಎಲ್ಲಿ? ಗಟ್ಟಿ ಸರಿಗೆ ಒಂದು ಚಮಚ ತುಪ್ಪ ಇಲ್ಲವೇ ಕಡಲೆಕಾಯಿ ಎಣ್ಣೆ ಹಾಕಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ಕಡೆಯ ಧಾನ್ಯಗಳಲ್ಲಿ ಇಷ್ಟು ಬೇರೆ ಯಾವುದರಲ್ಲೂ ಇಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಇನ್ನೂ ಒಳ್ಳೆಯದು. ಆ ಹಿಟ್ಟು ಬೇಗ ತೆಳ್ಳಗಾಗುವುದರಿಂದ ಅದೇ ಬಟ್ಟಲಿಗೆ ಹಿಟ್ಟು ಜಾಸ್ತಿ ಹಿಡಿಸಬಹುದು. ಅಜ್ಜಿಯರಿಗೆ ಇದು ಗೊತ್ತಿರುವ ವಿದ್ಯೆ. ಅವರ ಬಾಯಿಂದಲೇ ಹೇಳಿಸಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸುವುದನ್ನು ಮಾತ್ರ ಬಿಡಲು ಹೇಳಬೇಕು.

ಈ ಐದರಲ್ಲಿ ಮೂರನೆಯದು ಹಕ್ಕಿನ ಪಾಠ. ಸರ್ಕಾರದಿಂದ ಬರುವುದು ಮನೆಗೆ ಪೂರ್ತಿ ಸೇರುತ್ತಿದೆಯಾ ಅಂತ ನೋಡುವುದು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾಯಿತು. ಮನೆಗೆ ಕಳಿಸಿದರೆ ಎಲ್ಲರಿಗೂ ಹಂಚಿಹೋಗುತ್ತದೆ, ಇಲ್ಲೇ ಕೂತು ಆಕೆಯೇ ಊಟ ಮಾಡಲಿ ಅನ್ನುವುದು ಅದರ ಹಿಂದಿನ ಯೋಚನೆ. ಯಾರು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಅಂತ ಕೇಳಿ. ದೂರವೋ, ಕೂಲಿಯ ಹೊತ್ತೋ, ಮನೆಯವರ ಬೇಡವೋ? ಒಂದೊಂದಕ್ಕೂ ಬೇರೆ ಬೇರೆ ಪರಿಹಾರ.

ರೇಷನ್ ಅಕ್ಕಿಯ ಬಗ್ಗೆ ಈ ತರಗತಿಯಲ್ಲೇ ಮಾತಾಡಿ. ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಕಾಳು ಕಂಡು "ಪ್ಲಾಸ್ಟಿಕ್ ಅಕ್ಕಿ" ಅಂತ ಆರಿಸಿ ಎಸೆಯುವವರಿದ್ದಾರೆ. ನೀರಿಗೆ ಹಾಕಿದರೆ ಕೆಲವು ತೇಲುತ್ತವೆ, ಅದರಿಂದ ಅನುಮಾನ ಇನ್ನೂ ಜಾಸ್ತಿ. ಅದು ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ತಂದದ್ದು. ಸಾರವರ್ಧಿತ ಅಕ್ಕಿಯಾದರೆ ಅದನ್ನು ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಒಂದು ಹಿಡಿ ಆರಿಸಿ ಎಲ್ಲರ ಎದುರೇ ಬೇಯಿಸಿ, ನೀವೇ ಮೊದಲು ತಿಂದು ತೋರಿಸಿ. ಅಕ್ಕಿಯನ್ನು ಐದಾರು ಸಲ ತೊಳೆಯುವುದು, ಗಂಜಿ ಬಸಿದು ಚೆಲ್ಲುವುದು ಎರಡರಿಂದಲೂ ಸತ್ವ ಹೋಗುತ್ತದೆ. ಅಕ್ಕಿ ಹಿಡಿಯುವಷ್ಟೇ ನೀರಿಟ್ಟು ಬೇಯಿಸಲು ಹೇಳಿ.

ಉಳಿದ ಎರಡು ತರಗತಿ ಬೇಳೆಕಾಳು ಮತ್ತು ಉಪ್ಪು, ಎಣ್ಣೆ, ಸಕ್ಕರೆಯದ್ದು. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಉಪ್ಪಿನಕಾಯಿ, ಹಪ್ಪಳದ್ದೂ ಇದರಲ್ಲೇ ಬಂತು. ಬಿಪಿ, ಶುಗರ್ ಈಗ ಕೂಲಿ ಮನೆಯಲ್ಲೂ ಇದೆ. ಈ ತರಗತಿಗೆ ಗಂಡಸರನ್ನೂ ಕರೆಯಿರಿ.

ತರಗತಿಯ ದಿನ

ಅಡುಗೆ ಮಾಡದೆ ಯಾವ ತರಗತಿಯನ್ನೂ ಮುಗಿಸಬೇಡಿ. ಮಿಕ್ಸಿ, ನಾನ್‌ಸ್ಟಿಕ್ ಬಾಣಲೆ ತರಬೇಡಿ. ಅವರ ಮನೆಯಲ್ಲಿರುವಂಥ ಪಾತ್ರೆಯೇ ಇರಲಿ. ಹೊಸ ತಿನಿಸು ಕಲಿಸುವುದಕ್ಕಿಂತ ಇರುವ ಸಾರಿಗೆ ಒಂದು ಸೇರಿಸಿ. ಉಪ್ಪಿಟ್ಟಿಗೆ ಒಂದು ಹಿಡಿ ನುಗ್ಗೆ ಸೊಪ್ಪು, ತಿಳಿಸಾರಿನ ಬದಲು ಕಾಳು ಇರುವ ಮಸ್ಸೊಪ್ಪು, ಚಟ್ನಿಗೆ ಹುಚ್ಚೆಳ್ಳು. ಎಷ್ಟು ಖರ್ಚಾಯಿತು, ಎಷ್ಟು ಹೊತ್ತಾಯಿತು ಅಂತ ಕೊನೆಯಲ್ಲಿ ಜೋರಾಗಿ ಹೇಳಿ. ಕೈ ತೊಳೆಯಲು ಸೋಪು, ನೀರು ಬಾಗಿಲಲ್ಲೇ ಇಡಿ. ಮಕ್ಕಳು ಜೊತೆಗೆ ಬಂದೇ ಬರುತ್ತಾರೆ. ಅವರನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿ, ಇಲ್ಲದಿದ್ದರೆ ತಾಯಂದಿರ ಗಮನ ಇರುವುದಿಲ್ಲ.

ನಂಬಿಕೆಯ ಮಾತು ಬಂದಾಗ ಜಗಳಕ್ಕೆ ನಿಲ್ಲಬೇಡಿ. ಗರ್ಭಿಣಿ ಜಾಸ್ತಿ ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟ, ಬಾಣಂತಿಗೆ ಸೊಪ್ಪು ನಂಜು, ಮೊಟ್ಟೆ ಉಷ್ಣ ಅನ್ನುವುದೆಲ್ಲ ಕೇಳಿಬರುತ್ತದೆ. "ನಿಮ್ಮ ಮನೇಲಿ ಬಾಣಂತಿಗೆ ಏನೇನು ಕೊಡ್ತೀರಿ?" ಅಂತ ತಿರುಗಿ ಕೇಳಿ. ಮೆಂತ್ಯ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ತುಪ್ಪ ಅನ್ನುತ್ತಾರೆ. ಅದರಲ್ಲಿ ಒಳ್ಳೆಯದು ಇದ್ದೇ ಇರುತ್ತದೆ. ಅದನ್ನು ಹೊಗಳಿ ಅಲ್ಲಿಂದ ಮುಂದೆ ಹೋಗಿ. ಮಾಂಸ, ಮೊಟ್ಟೆ ತಿನ್ನುವವರ ಮನೆಯಲ್ಲಿ ಅದು ಒಳ್ಳೆಯ ಆಹಾರ ಅಂತ ಧೈರ್ಯವಾಗಿ ಹೇಳಿ. ತಿನ್ನದವರ ಎದುರು ಒತ್ತಾಯ ಬೇಡ. ಯಾರ ತಟ್ಟೆಯೂ ಕೀಳಲ್ಲ ಅನ್ನುವುದು ನಿಮ್ಮ ಮಾತಿನಲ್ಲೂ ಮುಖದಲ್ಲೂ ಕಾಣಬೇಕು.

ಊಟದಿಂದ ಸರಿಹೋಗದ್ದು

ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡುವ ಮೂರು ಬಣ್ಣದ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ತೋಳು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, 12.5ರ ತನಕ ಹಳದಿ, ಅದಕ್ಕೂ ಮೇಲೆ ಹಸಿರು. ಕೆಂಪಿನ ಮಗುವಿಗೆ, ಎರಡೂ ಪಾದ ಊದಿರುವ ಮಗುವಿಗೆ ರಾಗಿ ಸರಿ, ಉಂಡೆ ತಿನ್ನಿಸಿ ನೋಡೋಣ ಅಂತ ಕಾಯಬೇಡಿ. ಅದೇ ದಿನ ಆಶಾ ಜೊತೆಗೂಡಿ ಆಸ್ಪತ್ರೆಗೆ ಕಳಿಸಿ. ಅಪೌಷ್ಟಿಕ ಮಕ್ಕಳನ್ನು ಇರಿಸಿಕೊಂಡು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರ ಜಿಲ್ಲಾ ಆಸ್ಪತ್ರೆಯಲ್ಲಿ ಇರುತ್ತದೆ. ತಾಯಿಯೂ ಅಲ್ಲೇ ಉಳಿಯಬೇಕಾಗುತ್ತದೆ. ಮನೆಯಲ್ಲಿರುವ ಇನ್ನೊಂದು ಮಗುವನ್ನು, ಹಸುವನ್ನು ಯಾರು ನೋಡುತ್ತಾರೆ ಅನ್ನುವ ಚಿಂತೆಗೇ ಎಷ್ಟೋ ತಾಯಂದಿರು ಹೋಗುವುದಿಲ್ಲ. ಸಂಘದವರು ಆ ಹೊಣೆ ಹೊತ್ತರೆ ಒಂದು ಮಗು ಉಳಿಯುತ್ತದೆ. ಹೆಂಗಸರಿಗೆ ನಡೆದರೆ ಏದುಸಿರು, ಕಣ್ಣು ಉಗುರು ಬಿಳಚಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆಗೆ ಕಳಿಸಿ.

ಲೆಕ್ಕ, ಅಳತೆ

ಖರ್ಚಿನ ಪುಸ್ತಕ ಒಂದು ಸಾಕು. ಅಡುಗೆ ಸಾಮಾನು, ಗೌರವಧನ, ಓಡಾಟ ಅಂತ ಮೂರು ಬಾಬ್ತು. ಬಿಲ್ ಇಲ್ಲದ ಸಂತೆ ಖರ್ಚಿಗೆ ಇಬ್ಬರ ಸಹಿ ಹಾಕಿಸಿ, ತಿಂಗಳಿಗೊಮ್ಮೆ ಸಂಘದ ಸಭೆಯಲ್ಲಿ ಓದಿ ಹೇಳಿ.

ಎಷ್ಟು ಜನ ಬಂದರು ಅನ್ನುವ ಸಹಿ ಹಾಳೆ ಕೆಲಸ ಆಯಿತು ಅನ್ನುವುದಕ್ಕೆ ಸಾಕ್ಷಿ ಅಲ್ಲ. ಮೂರು ತಿಂಗಳಾದ ಮೇಲೆ ಅದೇ ಹತ್ತು ಮನೆಗೆ ಹೋಗಿ ಅದೇ ಪ್ರಶ್ನೆ ಕೇಳಿ, ಅದೇ ಹತ್ತು ಕಾಲಂ ತುಂಬಿ. ಮೂರು ಗುಂಪು ಇದ್ದದ್ದು ನಾಲ್ಕಾಗಿದ್ದರೆ ಸಂತೋಷ ಪಡಿ. ಜೊತೆಗೆ ಮನೆಯವರೆಲ್ಲ ಕೂತು ಉಂಡ ದಿನ ಎಷ್ಟು ಅಂತಲೂ ಕೇಳಿ. ಆಕೆಯ ತಟ್ಟೆಗೆ ಕಾಳು ಬಂದಿದೆಯಾ ಅನ್ನುವುದು ಅದರಲ್ಲಿ ತಿಳಿಯುತ್ತದೆ. ಮಳೆಗಾಲದಲ್ಲಿ ಬದುವಿನ ಮೇಲೆಲ್ಲ ಸೊಪ್ಪು ಇರುತ್ತದೆ. ಬೇಸಿಗೆಯಲ್ಲಿ ಕೇಳಿದರೆ ಆ ಕಾಲಂ ಖಾಲಿ ಇರುತ್ತದೆ. ಅದು ನಿಮ್ಮ ಸೋಲಲ್ಲ, ಕಾಲದ ಲೆಕ್ಕ. ಒಂದು ವರ್ಷ ಬಿಟ್ಟು ಅದೇ ತಿಂಗಳಲ್ಲಿ ಕೇಳಿದರೆ ನಿಜವಾದ ಹೋಲಿಕೆ ಸಿಗುತ್ತದೆ.

ಆ ಬೇಸಿಗೆಗೆ ಅಂತಲೇ ನಾವು ಚಳಿಗಾಲದ ಕೊನೆಯಲ್ಲಿ ಒಂದು ಹೆಚ್ಚಿನ ತರಗತಿ ಇಟ್ಟುಕೊಳ್ಳುತ್ತೇವೆ. ನುಗ್ಗೆ ಸೊಪ್ಪು ತೊಳೆದು, ಬಟ್ಟೆ ಮೇಲೆ ತೆಳ್ಳಗೆ ಹರಡಿ, ಬಿಸಿಲಿಗೆ ಇಡದೆ ನೆರಳಲ್ಲೇ ಒಣಗಿಸಬೇಕು. ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿದಾಗ ಉಜ್ಜಿ, ಜರಡಿ ಹಿಡಿದು, ಗಾಳಿಯಾಡದ ಡಬ್ಬಿಗೆ ತುಂಬಬೇಕು. ಮುದ್ದೆ ಹಿಟ್ಟಿಗೆ, ಸಾರಿಗೆ, ಚಟ್ನಿಪುಡಿಗೆ ಒಂದೊಂದು ಚಮಚ. ಏಪ್ರಿಲ್‌ನಲ್ಲಿ ಮನೆಗೆ ಹೋದಾಗ ಆ ಡಬ್ಬಿ ಎಲ್ಲಿದೆ ಅಂತ ಕೇಳಿ. ಒಲೆ ಪಕ್ಕದ ಉಪ್ಪಿನ ಡಬ್ಬಿಯ ಜೊತೆಗಿದ್ದರೆ ಬಳಸುತ್ತಿದ್ದಾರೆ ಅಂತ ಅರ್ಥ. ಅಟ್ಟದ ಮೇಲಿದ್ದರೆ ಕೂತು ಮಾತಾಡಿ, ಯಾಕೆ ಬೇಡವಾಯಿತು ಅಂತ ತಿಳಿದುಕೊಂಡು ಬನ್ನಿ.